ಕನ್ನಡದಲ್ಲಿ ಎರವಲು ಪದಗಳ ಧ್ವನಿ ಹೊಂದಾಣಿಕೆ

ಕನ್ನಡದಲ್ಲಿ ಎರವಲು ಪದಗಳ ಧ್ವನಿ ಹೊಂದಾಣಿಕೆ ಎಂದರೆ ಬೇರೆ ಭಾಷೆಗಳಿಂದ ಬಂದ ಪದಗಳು ಕನ್ನಡದ ಉಚ್ಚಾರಣೆ, ಪದರಚನೆ ಮತ್ತು ವಿಭಕ್ತಿ ವ್ಯವಸ್ಥೆಗೆ ತಕ್ಕಂತೆ ರೂಪ ಬದಲಿಸಿಕೊಳ್ಳುವ ಪ್ರಕ್ರಿಯೆ. ಸಂಸ್ಕೃತದ 'ಯಾತ್ರಾ' ಕನ್ನಡದಲ್ಲಿ 'ಜಾತ್ರೆ' ಆಗುವುದು, ಅರಬ್ಬಿ ಮೂಲದ 'ಜ಼ಿಲಾ' 'ಜಿಲ್ಲೆ' ಆಗುವುದು, ಇಂಗ್ಲಿಷಿನ 'ಬಸ್' 'ಬಸ್ಸು' ಆಗುವುದು ಇದಕ್ಕೆ ಉದಾಹರಣೆಗಳು. ಇಂತಹ ಬದಲಾವಣೆಗಳನ್ನು ತಪ್ಪು ಉಚ್ಚಾರಣೆ ಎಂದು ಭಾವಿಸುವುದು ಸಾಮಾನ್ಯ. ಆದರೆ ಅವುಗಳಲ್ಲಿ ಹೆಚ್ಚಿನವು ಕನ್ನಡದ ಸ್ವಂತ ಪದಗಳಿಗೂ ಅನ್ವಯಿಸುವ ನಿಯಮಗಳನ್ನೇ ಅನುಸರಿಸುತ್ತವೆ.

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಗಳನ್ನು ಒಳಗೊಂಡ ತುಂಗಭದ್ರಾ ತೀರದ ಪ್ರದೇಶವು ಈ ಪ್ರಕ್ರಿಯೆಯನ್ನು ಗಮನಿಸಲು ಅನುಕೂಲವಾಗಿದೆ. ಸಂಸ್ಕೃತ, ಪ್ರಾಕೃತ, ಪಾರಸಿ, ಅರಬ್ಬಿ, ಮರಾಠಿ, ಪೋರ್ಚುಗೀಸ್ ಮತ್ತು ಇಂಗ್ಲಿಷ್ ಪದಗಳ ಪದರಗಳು ಇಲ್ಲಿನ ಮಾತಿನಲ್ಲಿಯೂ ಊರಿನ ಹೆಸರುಗಳಲ್ಲಿಯೂ ಉಳಿದಿವೆ.

ಪರಿಭಾಷೆ

ಕನ್ನಡ ವ್ಯಾಕರಣದಲ್ಲಿ ಪದಗಳನ್ನು ಮೂಲದ ಆಧಾರದ ಮೇಲೆ ದೇಶ್ಯ, ತತ್ಸಮ, ತದ್ಭವ ಮತ್ತು ಅನ್ಯದೇಶ್ಯ ಎಂದು ವಿಂಗಡಿಸುವುದು ರೂಢಿ. ಸಂಸ್ಕೃತದಿಂದ ರೂಪ ಬದಲಾಗದೆ ಬಂದ ಪದ ತತ್ಸಮ. ರೂಪ ಬದಲಾಗಿ ಬಂದದ್ದು ತದ್ಭವ. ಸಂಸ್ಕೃತ, ಪ್ರಾಕೃತಗಳಲ್ಲದ ಭಾಷೆಗಳಿಂದ ಬಂದ ಪದಗಳನ್ನು ಅನ್ಯದೇಶ್ಯವೆಂದು ಕರೆಯಲಾಗುತ್ತದೆ. 13ನೆಯ ಶತಮಾನದ ವೈಯಾಕರಣ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳ ಧ್ವನಿಬದಲಾವಣೆಯನ್ನು ಸೂತ್ರಗಳ ಮೂಲಕ ನಿರೂಪಿಸಿದ್ದಾನೆ. ಎರವಲು ಪದಗಳ ಹೊಂದಾಣಿಕೆಗೆ ಕ್ರಮವಿದೆ ಎಂಬ ತಿಳಿವಳಿಕೆ ಕನ್ನಡ ವ್ಯಾಕರಣ ಪರಂಪರೆಯಲ್ಲಿ ಹಳೆಯದು ಎಂಬುದಕ್ಕೆ ಇದು ಸಾಕ್ಷಿ.

ಆಧುನಿಕ ಭಾಷಾವಿಜ್ಞಾನದಲ್ಲಿ ಈ ಬದಲಾವಣೆಗಳನ್ನು ಸ್ವರಾಗಮ (ಹೊಸ ಸ್ವರ ಸೇರುವುದು), ಸ್ವರಲೋಪ (ಸ್ವರ ಬಿದ್ದುಹೋಗುವುದು), ದ್ವಿತ್ವ (ವ್ಯಂಜನ ಇಮ್ಮಡಿಯಾಗುವುದು) ಮತ್ತು ಧ್ವನಿಪರ್ಯಾಯ (ಇಲ್ಲದ ಧ್ವನಿಯ ಸ್ಥಾನದಲ್ಲಿ ಹತ್ತಿರದ ಧ್ವನಿ ಬರುವುದು) ಎಂಬ ವಿಭಾಗಗಳಲ್ಲಿ ವಿವರಿಸಲಾಗುತ್ತದೆ.

ಪ್ರದೇಶದ ಭಾಷಾ ಸಂಪರ್ಕ

ಹಂಪಿಯು 14ರಿಂದ 16ನೆಯ ಶತಮಾನದವರೆಗೆ ವಿಜಯನಗರ ಸಾಮ್ರಾಜ್ಯದ ರಾಜಧಾನಿಯ ನೆಲೆಯಾಗಿತ್ತು. ಪಾರಸಿ ಮಾತನಾಡುವ ರಾಯಭಾರಿಗಳೂ ಗೋವೆಯ ಪೋರ್ಚುಗೀಸ್ ಕುದುರೆ ವ್ಯಾಪಾರಿಗಳೂ ಇಲ್ಲಿಗೆ ಬರುತ್ತಿದ್ದರು. ಮುಂದೆ ಬಳ್ಳಾರಿ ಪ್ರದೇಶವು 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಬ್ರಿಟಿಷರಿಗೆ ಹಸ್ತಾಂತರಗೊಂಡು ಮದರಾಸು ಪ್ರಾಂತ್ಯಕ್ಕೆ ಸೇರಿತು. ಸಂಡೂರು ಮಾತ್ರ ಮರಾಠಾ ಮೂಲದ ಘೋರ್ಪಡೆ ಮನೆತನದ ಸಂಸ್ಥಾನವಾಗಿ ಮುಂದುವರಿದು 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. ಈ ಭಾಗವು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಹೊಸಪೇಟೆ ಮತ್ತು ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿವೆ. ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಮತ್ತು ಮರಾಠಿ ಭಾಷಿಕರೂ ಇಲ್ಲಿ ನೆಲೆಸಿದ್ದಾರೆ.

ಆಡಳಿತದ ಪಾರಸಿ–ಅರಬ್ಬಿ ಪದಗಳು ದೈನಂದಿನ ಕನ್ನಡದಲ್ಲಿ ಎಷ್ಟು ಬೆರೆತಿವೆ ಎಂದರೆ ಅವು ಹೊರಗಿನವು ಎಂಬ ಅರಿವು ಸಾಮಾನ್ಯ ಭಾಷಿಕರಿಗೆ ಇರುವುದಿಲ್ಲ. 'ಹೊಸಪೇಟೆ ತಾಲ್ಲೂಕು, ವಿಜಯನಗರ ಜಿಲ್ಲೆ' ಎಂಬ ವಿಳಾಸದಲ್ಲಿ 'ತಾಲ್ಲೂಕು' ಮತ್ತು 'ಜಿಲ್ಲೆ' ಎರಡೂ ಅರಬ್ಬಿ ಮೂಲದವು. 'ಹಂಪಿ ಬಜಾರು' ಎಂಬಲ್ಲಿನ 'ಬಜಾರು' ಪಾರಸಿಯ 'ಬಾಜ಼ಾರ್'. ರೈಲುಮಾರ್ಗ, 1945ರಿಂದ 1953ರ ನಡುವೆ ನಿರ್ಮಾಣವಾದ ತುಂಗಭದ್ರಾ ಅಣೆಕಟ್ಟು ಮತ್ತು ಸಂಡೂರಿನ ಕಬ್ಬಿಣ–ಮ್ಯಾಂಗನೀಸು ಗಣಿಗಾರಿಕೆಗಳ ಜೊತೆಗೆ ಇಂಗ್ಲಿಷ್ ಪದಗಳು ಹಳ್ಳಿಗಳ ಮಾತಿಗೂ ಬಂದವು. ಟೇಸನ್ನು, ಡ್ಯಾಮು, ಲಾರಿ, ಮೈನ್ಸು, ಪರ್ಮಿಟ್ಟು ಮುಂತಾದವು ಈ ಪದರಕ್ಕೆ ಸೇರಿವೆ.

ಪಂಪಾ, ಹಂಪೆ, ಹಂಪಿ

ಈ ಪ್ರದೇಶದ ಅತ್ಯಂತ ಪ್ರಸಿದ್ಧ ಹೆಸರೇ ಧ್ವನಿ ಹೊಂದಾಣಿಕೆಯ ಸ್ಪಷ್ಟ ನಿದರ್ಶನ. ತುಂಗಭದ್ರೆಯ ಪ್ರಾಚೀನ ಹೆಸರೂ ಇಲ್ಲಿನ ದೇವಿಯ ಹೆಸರೂ ಆದ 'ಪಂಪಾ' ಎಂಬ ರೂಪವು ಮೂರು ಹಂತಗಳಲ್ಲಿ ಬದಲಾಗಿದೆ.

ಮೊದಲನೆಯದು, ಪದಾಂತ್ಯದ ಆಕಾರ ಎಕಾರವಾಗುವುದು. ಸಂಸ್ಕೃತದ ಆಕಾರಾಂತ ನಾಮಪದಗಳು ಕನ್ನಡದಲ್ಲಿ ಸಾಮಾನ್ಯವಾಗಿ ಎಕಾರಾಂತವಾಗುತ್ತವೆ: ಮಾಲಾ–ಮಾಲೆ, ಶಾಲಾ–ಶಾಲೆ, ಸೀತಾ–ಸೀತೆ, ಸಂಧ್ಯಾ–ಸಂಜೆ. ಇದೇ ಮಾದರಿಯು ಮುಂದೆ ಬಂದ ಪದಗಳಿಗೂ ಅನ್ವಯಿಸಿ 'ಜ಼ಿಲಾ' 'ಜಿಲ್ಲೆ' ಆಯಿತು.

ಎರಡನೆಯದು, ಪದಾದಿಯ ಪಕಾರ ಹಕಾರವಾಗುವುದು. ಹಳಗನ್ನಡದ ಪಾಲ್, ಪುಲಿ, ಪೊಸ ಎಂಬ ಪದಗಳು ನಡುಗನ್ನಡದ ಕಾಲಕ್ಕೆ ಹಾಲು, ಹುಲಿ, ಹೊಸ ಎಂದಾದವು. ಅದೇ ಕಾಲದಲ್ಲಿ ಭಾಷೆಯೊಳಗಿದ್ದ ಎರವಲು ಪದಗಳೂ ಈ ಬದಲಾವಣೆಗೆ ಒಳಗಾದವು: ಪುಸ್ತಕ–ಹೊತ್ತಗೆ, ಪ್ರಾಣ–ಹರಣ, ಪಂಪೆ–ಹಂಪೆ. ಪದದ ನಡುವೆ ಅನುಸ್ವಾರದ ನಂತರ ಬರುವ ಪಕಾರ ಮಾತ್ರ ಬದಲಾಗದ ಕಾರಣ 'ಹಂಪೆ'ಯ ಎರಡನೆಯ ಅಕ್ಷರದಲ್ಲಿ ಪಕಾರ ಹಾಗೆಯೇ ಉಳಿದಿದೆ.

ಮೂರನೆಯದು, ಪದಾಂತ್ಯದ ಎಕಾರ ಇಕಾರವಾಗುವುದು. ಬಳ್ಳಾರಿ ಭಾಗವೂ ಸೇರಿದಂತೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಮನೆ 'ಮನಿ'ಯಾಗುತ್ತದೆ, ಶಾಲೆ 'ಸಾಲಿ'ಯಾಗುತ್ತದೆ, ಜಾತ್ರೆ 'ಜಾತ್ರಿ'ಯಾಗುತ್ತದೆ. ಹಂಪೆ 'ಹಂಪಿ'ಯಾದದ್ದು ಇದೇ ನಿಯಮದಿಂದ. ಇಂದು ಬರವಣಿಗೆಯಲ್ಲಿ ಎರಡೂ ರೂಪಗಳು ಬಳಕೆಯಲ್ಲಿವೆ.

ಪಕಾರ–ಹಕಾರ ಬದಲಾವಣೆಯು ಒಂದು ಕಾಲಘಟ್ಟಕ್ಕೆ ಸೀಮಿತವಾದದ್ದು. ಅದು ಮುಗಿದ ಮೇಲೆ ಬಂದ ಪದಗಳಲ್ಲಿ ಪಕಾರ ಉಳಿಯುತ್ತದೆ: ಪಾದ್ರಿ, ಪಗಾರ, ಪೊಲೀಸು, ಪೆನ್ನು. ಕಂಪ್ಲಿಯ ಭತ್ತ ಮತ್ತು ಕಬ್ಬಿನ ಗದ್ದೆಗಳಿಗೆ ನೀರೆತ್ತುವ ಯಂತ್ರದ ಹೆಸರು 'ಪಂಪು' ಎಂದೇ ಇದೆ. ಅದು 'ಹಂಪು' ಆಗಲಿಲ್ಲ. 'ಪಂಪಾ' ಮತ್ತು 'ಪಂಪ್' ಎಂಬ ಎರಡು ಪದಗಳ ಧ್ವನಿಗಳು ಬಹುತೇಕ ಒಂದೇ ಆಗಿದ್ದರೂ ಕನ್ನಡಕ್ಕೆ ಬಂದ ಕಾಲ ಬೇರೆಯಾದ್ದರಿಂದ ಫಲಿತಾಂಶವೂ ಬೇರೆಯಾಗಿದೆ. ಈ ಕಾರಣದಿಂದ ಎರವಲು ಪದದ ರೂಪವು ಅದು ಭಾಷೆಯನ್ನು ಪ್ರವೇಶಿಸಿದ ಕಾಲವನ್ನು ಊಹಿಸಲು ನೆರವಾಗುತ್ತದೆ.

ಪದಾಂತ್ಯದ ಉಕಾರ ಮತ್ತು ದ್ವಿತ್ವ

ಹೊಸಗನ್ನಡದ ದೇಶ್ಯ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಕೊನೆಗೊಳ್ಳುತ್ತವೆ. ಹಳಗನ್ನಡದಲ್ಲಿ ವ್ಯಂಜನಾಂತ ಪದಗಳಿದ್ದವು. ಅವು ಮುಂದೆ ಉಕಾರವನ್ನು ಪಡೆದವು. ಈ ಉಕಾರ ಸೇರುವಾಗ ಏಕಾಕ್ಷರ ಪದಗಳಲ್ಲಿ ಒಂದು ಕ್ರಮವಿದೆ.

• ಹ್ರಸ್ವ ಸ್ವರದ ನಂತರದ ವ್ಯಂಜನ ಇಮ್ಮಡಿಯಾಗುತ್ತದೆ: ಕಣ್–ಕಣ್ಣು, ಕಲ್–ಕಲ್ಲು, ಪುಲ್–ಹುಲ್ಲು.
• ದೀರ್ಘ ಸ್ವರದ ನಂತರದ ವ್ಯಂಜನ ಒಂಟಿಯಾಗಿಯೇ ಉಳಿಯುತ್ತದೆ: ಕಾಲ್–ಕಾಲು, ಪಾಲ್–ಹಾಲು, ನೀರ್–ನೀರು.

ಶತಮಾನಗಳ ನಂತರ ಬಂದ ಇಂಗ್ಲಿಷ್ ಪದಗಳು ಇದೇ ಕ್ರಮವನ್ನು ಅನುಸರಿಸಿದವು.

• ಹ್ರಸ್ವ ಸ್ವರ: ಬಸ್–ಬಸ್ಸು, ಪೆನ್–ಪೆನ್ನು, ಕಪ್–ಕಪ್ಪು, ನಟ್–ನಟ್ಟು.
• ದೀರ್ಘ ಸ್ವರ ಅಥವಾ ಸಂಧ್ಯಕ್ಷರ: ಕಾರ್–ಕಾರು, ರೋಡ್–ರೋಡು, ರೈಲ್–ರೈಲು, ಲೈಟ್–ಲೈಟು.
• ಕೊನೆಯಲ್ಲಿ ಎರಡು ವ್ಯಂಜನಗಳಿದ್ದರೆ ಉಕಾರ ಮಾತ್ರ ಸೇರುತ್ತದೆ: ಬ್ಯಾಂಕ್–ಬ್ಯಾಂಕು, ಬಲ್ಬ್–ಬಲ್ಬು, ಬೆಂಚ್–ಬೆಂಚು.

ಒಂದಕ್ಕಿಂತ ಹೆಚ್ಚು ಅಕ್ಷರಗಳ ಪದಗಳಲ್ಲಿ ಎರವಲು ಪದಗಳು ದೇಶ್ಯ ಪದಗಳಿಂದ ಸ್ವಲ್ಪ ಭಿನ್ನವಾಗಿವೆ. ದೇಶ್ಯದ 'ಮಗಳ್' ದ್ವಿತ್ವವಿಲ್ಲದೆ 'ಮಗಳು' ಎಂದಾಗಿದೆ. ಆದರೆ ಟಿಕೆಟ್, ಸೈಕಲ್, ಬಟನ್ ಎಂಬವು ಟಿಕೆಟ್ಟು, ಸೈಕಲ್ಲು, ಬಟನ್ನು ಎಂದು ಇಮ್ಮಡಿಸುತ್ತವೆ. ರಕಾರ ಮಾತ್ರ ಇಮ್ಮಡಿಯಾಗುವುದಿಲ್ಲ: ಡಾಕ್ಟರು, ಲೀಟರು, ಟ್ರ್ಯಾಕ್ಟರು.

ಈ ಉಕಾರದಿಂದ ವ್ಯಾಕರಣದ ಪ್ರಯೋಜನವೂ ಇದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಸೇರುವುದರಿಂದ ಪದಾಂತ್ಯವು ಪರಿಚಿತ ಮಾದರಿಯಲ್ಲಿರಬೇಕಾಗುತ್ತದೆ. ಕಣ್ಣು–ಕಣ್ಣಿನ–ಕಣ್ಣಿಗೆ ಎಂಬಂತೆಯೇ ಬಸ್ಸು–ಬಸ್ಸಿನ–ಬಸ್ಸಿಗೆ, ಕಾಲು–ಕಾಲಿನ–ಕಾಲಿಗೆ ಎಂಬಂತೆಯೇ ಕಾರು–ಕಾರಿನ–ಕಾರಿಗೆ ಎಂಬ ರೂಪಗಳು ಸಿದ್ಧವಾಗುತ್ತವೆ. 'ಬಸ್ಸು' ಎಂಬ ರೂಪವನ್ನು ಬಳಸದೆ 'ಬಸ್' ಎನ್ನುವವರೂ ಸಪ್ತಮಿಯಲ್ಲಿ ಹೆಚ್ಚಾಗಿ 'ಬಸ್ಸಿನಲ್ಲಿ' ಎಂದೇ ಹೇಳುತ್ತಾರೆ.

ನೆರೆಯ ತೆಲುಗಿನಲ್ಲಿಯೂ ಬಸ್ಸು, ಕಾರು ಎಂಬ ಉಕಾರಾಂತ ರೂಪಗಳೇ ಇವೆ. ಹಿಂದಿ ಮತ್ತು ಮರಾಠಿಗಳಲ್ಲಿ ಪದಗಳು ವ್ಯಂಜನದಲ್ಲಿ ಕೊನೆಗೊಳ್ಳಲು ಅಡ್ಡಿಯಿಲ್ಲದ ಕಾರಣ ಅಲ್ಲಿ ಉಕಾರ ಸೇರುವುದಿಲ್ಲ.

ಪದಾದಿಯ ಒತ್ತಕ್ಷರಗಳು

ಮೂಲ ಕನ್ನಡದ ಪದಗಳು ಸಾಮಾನ್ಯವಾಗಿ ಒತ್ತಕ್ಷರದಿಂದ ಆರಂಭವಾಗುವುದಿಲ್ಲ. ಹೊರಗಿನಿಂದ ಅಂತಹ ಪದ ಬಂದಾಗ ಆಡುಮಾತು ಮೂರು ಉಪಾಯಗಳನ್ನು ಬಳಸುತ್ತದೆ.

• ಎರಡು ವ್ಯಂಜನಗಳ ನಡುವೆ ಸ್ವರವನ್ನು ಸೇರಿಸುವುದು: ಶ್ರೀ–ಸಿರಿ, ಪ್ರಾಣ–ಹರಣ, ಗ್ಲಾಸ್–ಗಲಾಸು.
• ಪದದ ಮೊದಲಿಗೆ ಇಕಾರವನ್ನು ಸೇರಿಸುವುದು: ಸ್ಕೂಲ್–ಇಸ್ಕೂಲು.
• ಮೊದಲ ಸಕಾರವನ್ನು ಬಿಡುವುದು: ಸ್ಥಾನ–ತಾಣ, ಸ್ಟೇಷನ್–ಟೇಸನ್ನು.

ರಕಾರ, ಲಕಾರಗಳು ಎರಡನೆಯ ವ್ಯಂಜನವಾಗಿದ್ದಾಗ ನಡುವೆ ಸ್ವರ ಬರುವುದು ಹೆಚ್ಚು. ಸಕಾರದ ನಂತರ ಕ, ಟ, ತ ಮುಂತಾದವು ಬಂದಾಗ ಉಳಿದ ಎರಡು ಉಪಾಯಗಳು ಹೆಚ್ಚು. 'ಸ್ಥಾನ' ತಾಣವಾದದ್ದನ್ನು ವ್ಯಾಕರಣ ಗ್ರಂಥಗಳು ತದ್ಭವವೆಂದು ಗೌರವಿಸುತ್ತವೆ. 'ಸ್ಟೇಷನ್' ಟೇಸನ್ನಾದದ್ದನ್ನು ಸಮಾಜ ಗ್ರಾಮ್ಯವೆಂದು ಕಾಣುತ್ತದೆ. ಧ್ವನಿಯ ದೃಷ್ಟಿಯಿಂದ ಎರಡರಲ್ಲಿಯೂ ನಡೆದಿರುವುದು ಒಂದೇ ಬಗೆಯ ಬದಲಾವಣೆ.

ಕನ್ನಡದಲ್ಲಿಲ್ಲದ ಧ್ವನಿಗಳು

ಮೂಲ ಭಾಷೆಯ ಧ್ವನಿ ಕನ್ನಡದಲ್ಲಿ ಇಲ್ಲದಿದ್ದರೆ ಹತ್ತಿರದ ಧ್ವನಿ ಅದರ ಸ್ಥಾನವನ್ನು ತುಂಬುತ್ತದೆ.

ಹಲ್ಲು ಮತ್ತು ಕೆಳತುಟಿಗಳ ನಡುವೆ ಹುಟ್ಟುವ ಫ಼ಕಾರವು ಆಡುಮಾತಿನಲ್ಲಿ ಪಕಾರವಾಗುತ್ತದೆ: ಕಾಪಿ, ಆಪೀಸು, ಪ್ಯಾನು. ಪಾರಸಿ ಮತ್ತು ಅರಬ್ಬಿಯ ಜ಼ಕಾರವು ಜಕಾರವಾಗುತ್ತದೆ: ಜ಼ಮೀನ್–ಜಮೀನು, ಅರ್ಜ಼ಿ–ಅರ್ಜಿ. ಗಂಟಲಿನ ಆಳದಿಂದ ಹುಟ್ಟುವ ಅರಬ್ಬಿಯ ಕಕಾರವು ಸಾಮಾನ್ಯ ಕಕಾರವಾಗಿ 'ತಾಲ್ಲೂಕು' ಎಂಬ ರೂಪ ಬಂದಿದೆ. ಮಹಾಪ್ರಾಣಗಳನ್ನು ಬರವಣಿಗೆಯಲ್ಲಿ ಉಳಿಸಿಕೊಂಡರೂ ಆಡುಮಾತಿನಲ್ಲಿ ಅಲ್ಪಪ್ರಾಣ ಬರುವುದು ಸಾಮಾನ್ಯ: ಖರ್ಚು–ಕರ್ಚು, ತಾರೀಖು–ತಾರೀಕು. ಕನ್ನಡಿಗರ ಸಹಜ ಮಾತಿನಲ್ಲಿ ಮಹಾಪ್ರಾಣ ಇಲ್ಲದಿರುವುದರಿಂದ ಬರವಣಿಗೆಯಲ್ಲಿಯೂ ಅದು ಬೇಕಿಲ್ಲವೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಪ್ರತಿಪಾದಿಸಿದ್ದರು.

ಇಂಗ್ಲಿಷಿನ ಬ್ಯಾಂಕ್, ಡ್ಯಾಂ ಮುಂತಾದ ಪದಗಳಲ್ಲಿರುವ ವಿವೃತ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಅದನ್ನು ಯಕಾರದ ಒತ್ತು ಮತ್ತು ಆಕಾರದಿಂದ ಬರೆಯಲಾಗುತ್ತದೆ. ಆದರೆ ಈ ಧ್ವನಿ ಆಡುಮಾತಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಮಾತಿನಲ್ಲಿ ಪೇಟೆಯನ್ನು 'ಪ್ಯಾಟಿ' ಎಂದೂ ಬೇಳೆಯನ್ನು 'ಬ್ಯಾಳಿ' ಎಂದೂ ಹೇಳುವಾಗ ಇದಕ್ಕೆ ಹತ್ತಿರದ ಸ್ವರವೇ ಕೇಳಿಸುತ್ತದೆ.

ತಕಾರ–ಟಕಾರ, ದಕಾರ–ಡಕಾರಗಳ ಆಯ್ಕೆಯು ಪದ ಬಂದ ದಾರಿಯನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಇವುಗಳಿಗೆ ಸಮಾನವಾದ ಧ್ವನಿಗಳು ಹಲ್ಲಿನ ಹಿಂದಿನ ವಸಡಿನ ಬಳಿ ಹುಟ್ಟುತ್ತವೆ. ಕನ್ನಡದ ಕಿವಿಗೆ ಅವು ಮೂರ್ಧನ್ಯಗಳಿಗೆ ಹತ್ತಿರವಾಗಿ ಕೇಳುವುದರಿಂದ ಟಿಕೆಟ್ಟು, ಡಾಕ್ಟರು, ರೋಡು ಎಂಬ ರೂಪಗಳು ಬಂದಿವೆ. ಪೋರ್ಚುಗೀಸಿನಲ್ಲಿ ಈ ಧ್ವನಿಗಳು ದಂತ್ಯವಾಗಿವೆ. ಆದ್ದರಿಂದ ಪೋರ್ಚುಗೀಸ್ ಮೂಲದ ಪಾದ್ರಿ, ಬಾಲ್ದಿ, ತಂಬಾಕು ಎಂಬವುಗಳಲ್ಲಿ ದಂತ್ಯಾಕ್ಷರಗಳೇ ಇವೆ. ಮರಾಠಿಯಲ್ಲಿಯೂ ಮೂರ್ಧನ್ಯದಿಂದಲೇ ಬಳಕೆಯಲ್ಲಿರುವ 'ಬಟಾಟೆ'ಯಂತಹ ಅಪವಾದಗಳೂ ಉಂಟು.

ಅರ್ಥದ ಹೊಂದಾಣಿಕೆ: ಸುರತ್ರಾಣ

ಕೆಲವೊಮ್ಮೆ ಅಪರಿಚಿತ ಪದವು ಧ್ವನಿಯಲ್ಲಿ ಹತ್ತಿರವಾದ, ಅರ್ಥವುಳ್ಳ ಪರಿಚಿತ ಪದಗಳಾಗಿ ಮರುರೂಪ ಪಡೆಯುತ್ತದೆ. 14ನೆಯ ಶತಮಾನದ ವಿಜಯನಗರ ಶಾಸನಗಳಲ್ಲಿ ಅರಸರಿಗೆ 'ಹಿಂದೂರಾಯ ಸುರತ್ರಾಣ' ಎಂಬ ಬಿರುದು ದೊರೆಯುತ್ತದೆ. ಇಲ್ಲಿನ 'ಸುರತ್ರಾಣ' ಎಂಬುದು ಅರಬ್ಬಿಯ 'ಸುಲ್ತಾನ್' ಪದದ ಸಂಸ್ಕೃತೀಕೃತ ರೂಪ. ಲಕಾರದ ಸ್ಥಾನದಲ್ಲಿ ರಕಾರ ಬಂದು, ಒತ್ತಕ್ಷರ ಬಿಡಿಸಿಕೊಂಡು, 'ಸುರ' (ದೇವತೆ) ಮತ್ತು 'ತ್ರಾಣ' (ರಕ್ಷಣೆ) ಎಂಬ ಎರಡು ಸಂಸ್ಕೃತ ಪದಗಳು ಕಾಣಿಸಿಕೊಂಡಿವೆ. ಹೀಗೆ ನೆರೆಯ ರಾಜ್ಯಗಳ ಅಧಿಕಾರಸೂಚಕ ಪದವೊಂದು ಸ್ಥಳೀಯವಾಗಿ ಮಾನ್ಯವಾದ ಅರ್ಥದೊಡನೆ ರಾಜಬಿರುದಿನಲ್ಲಿ ಸೇರಿಕೊಂಡಿತು.

ಜಪಾನಿ ಭಾಷೆಯೊಂದಿಗೆ ಹೋಲಿಕೆ

ಎರವಲು ಪದಗಳ ಧ್ವನಿ ಹೊಂದಾಣಿಕೆಗೆ ಭಾಷಾವಿಜ್ಞಾನದಲ್ಲಿ ಹೆಚ್ಚಾಗಿ ಉದಾಹರಿಸಲಾಗುವ ಭಾಷೆ ಜಪಾನಿ. ಕನ್ನಡಕ್ಕೂ ಜಪಾನಿಗೂ ಸಂಬಂಧವಿಲ್ಲದಿದ್ದರೂ ಎರಡೂ ಭಾಷೆಗಳು ಪದಾಂತ್ಯದಲ್ಲಿ ಸ್ವರವನ್ನು ಬಯಸುವುದರಿಂದ ಫಲಿತಾಂಶಗಳಲ್ಲಿ ಸಾಮ್ಯವಿದೆ.

ಇಂಗ್ಲಿಷಿನ 'ಕಪ್' ಜಪಾನಿಯಲ್ಲಿಯೂ ಕನ್ನಡದಲ್ಲಿಯೂ 'ಕಪ್ಪು' ಎಂದೇ ಆಗಿದೆ. ಜಪಾನಿಯಲ್ಲಿ 'ಬಸ್' ಎಂಬುದು 'ಬಸು', 'ಬೆಡ್' ಎಂಬುದು 'ಬೆದ್ದೊ', 'ಬೆಂಚ್' ಎಂಬುದು 'ಬೆಂಚಿ'. ಕನ್ನಡ ಬಹುತೇಕ ಎಲ್ಲೆಡೆ ಉಕಾರವನ್ನೇ ಬಳಸಿದರೆ, ಜಪಾನಿಯು ತ, ದಗಳ ನಂತರ ಒಕಾರವನ್ನೂ ಚಕಾರದ ನಂತರ ಇಕಾರವನ್ನೂ ಆರಿಸುತ್ತದೆ. ಅನುನಾಸಿಕವು ಪದಾಂತ್ಯದಲ್ಲಿ ಬರಲು ಜಪಾನಿಯಲ್ಲಿ ಅವಕಾಶವಿರುವುದರಿಂದ 'ಪೆನ್' ಅಲ್ಲಿ ಬದಲಾಗುವುದಿಲ್ಲ. ಕನ್ನಡದಲ್ಲಿ 'ಪೆನ್ನು' ಆಗುತ್ತದೆ.

ಒತ್ತಕ್ಷರಗಳನ್ನು ಜಪಾನಿಯು ನಡುವೆ ಸ್ವರ ಸೇರಿಸಿಯೇ ಬಿಡಿಸುತ್ತದೆ. 'ಸ್ಕೂಲ್' ಅಲ್ಲಿ 'ಸುಕೂರು'. ಲಕಾರ ಮತ್ತು ರಕಾರಗಳ ಭೇದ ಜಪಾನಿಯಲ್ಲಿ ಇಲ್ಲದ ಕಾರಣ 'ಮಿಲ್ಕ್' ಎಂಬುದು 'ಮಿರುಕು' ಆಗಿದೆ. ಡಚ್ ಮೂಲದ, ಗಾಜು ಎಂಬ ಅರ್ಥದ 'ಗರಸು' ಕನ್ನಡದ ಆಡುಮಾತಿನ 'ಗಲಾಸು' ಪದಕ್ಕೆ ರಚನೆಯಲ್ಲಿ ಹತ್ತಿರವಾಗಿದೆ.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡರು. 1543ರಲ್ಲಿ ಜಪಾನನ್ನು ತಲುಪಿದರು. ಹೀಗಾಗಿ ತಂಬಾಕಿನ ಪೋರ್ಚುಗೀಸ್ ಹೆಸರು ಕನ್ನಡದಲ್ಲಿ 'ತಂಬಾಕು' ಎಂದೂ ಜಪಾನಿಯಲ್ಲಿ 'ತಬಕೊ' ಎಂದೂ ನೆಲೆಯಾಗಿದೆ. ಬರವಣಿಗೆಯಲ್ಲಿ ಮುಖ್ಯ ವ್ಯತ್ಯಾಸವೊಂದಿದೆ. ಜಪಾನಿಯಲ್ಲಿ ಆಧುನಿಕ ಪರಭಾಷಾ ಪದಗಳನ್ನು ಕತಕಾನ ಎಂಬ ಪ್ರತ್ಯೇಕ ಲಿಪಿಮಾಲೆಯಲ್ಲಿ ಬರೆಯುವುದರಿಂದ ಅವುಗಳ ಹೊರಮೂಲ ಕಣ್ಣಿಗೆ ಕಾಣುತ್ತದೆ. ಕನ್ನಡದಲ್ಲಿ ಎಲ್ಲ ಪದಗಳಿಗೂ ಒಂದೇ ಲಿಪಿ ಇರುವುದರಿಂದ ಜಿಲ್ಲೆ, ಅರ್ಜಿ, ಜಮೀನು ಮುಂತಾದವು ಬೇಗ ಮನೆಮಾತಾಗುತ್ತವೆ.

ಕನ್ನಡ ಹೆಸರುಗಳು ಪರಭಾಷೆಗಳಲ್ಲಿ

ಹೊಂದಾಣಿಕೆ ಒಮ್ಮುಖವಲ್ಲ. ವಿಜಯನಗರಕ್ಕೆ ಬಂದ ವಿದೇಶಿಯರೂ ಇಲ್ಲಿನ ಹೆಸರುಗಳನ್ನು ತಮ್ಮ ಭಾಷೆಗಳ ನಿಯಮಕ್ಕೆ ತಕ್ಕಂತೆ ಬದಲಿಸಿ ಬರೆದರು. 15ನೆಯ ಶತಮಾನದ ಆರಂಭದಲ್ಲಿ ಬಂದ ಇಟಲಿಯ ನಿಕೊಲೊ ಕೊಂಟಿಯ ವೃತ್ತಾಂತದಲ್ಲಿ ನಗರದ ಹೆಸರು 'ಬಿಜೆನೆಗಾಲಿಯಾ' ಎಂದಿದೆ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನು ಅದನ್ನು 'ಬಿಜಾನಗರ' ಎಂದು ಬರೆದನು. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಮತ್ತು ಅನಂತರ ಬಂದ ಫೆರ್ನಾವ್ ನುನಿಜ್ ಎಂಬ ಪೋರ್ಚುಗೀಸರ ಬರಹಗಳಲ್ಲಿ ಅದು 'ಬಿಸ್ನಾಗ'. ಮೂರರಲ್ಲಿಯೂ ವಕಾರದ ಸ್ಥಾನದಲ್ಲಿ ಬಕಾರ ಬಂದಿದೆ. ಇಟಲಿಯ ರೂಪದಲ್ಲಿ ರಕಾರ ಲಕಾರವಾಗಿದೆ. ಪೋರ್ಚುಗೀಸ್ ರೂಪದಲ್ಲಿ ಕೊನೆಯ ಅಕ್ಷರವೇ ಬಿದ್ದುಹೋಗಿದೆ.

ಬ್ರಿಟಿಷ್ ಆಡಳಿತದಲ್ಲಿ ಹೊಸಪೇಟೆಯು 'ಹಾಸ್ಪೆಟ್' ಎಂದೂ ಬಳ್ಳಾರಿಯು 'ಬೆಲ್ಲಾರಿ' ಎಂದೂ ದಾಖಲಾದವು. 'ಹಾಸ್ಪೆಟ್' ರೂಪದಲ್ಲಿ ನಡುವಿನ ಅಕಾರ ಮತ್ತು ಕೊನೆಯ ಎಕಾರ ಎರಡೂ ಲೋಪವಾಗಿವೆ. ಪದದ ನಡುವಿನ ಸ್ವರ ಬೀಳುವುದು ಪರಭಾಷಿಕರಿಗ‌ಷ್ಟೇ ಸೀಮಿತವಲ್ಲ. 'ಕಂಪಿಲಿ' ಎಂಬ ಪ್ರಾಚೀನ ಹೆಸರು ಕನ್ನಡಿಗರ ಬಾಯಲ್ಲಿಯೇ 'ಕಂಪ್ಲಿ' ಆಗಿದೆ. ಆದರೆ ಪದಾಂತ್ಯದ ಸ್ವರವನ್ನು ಕನ್ನಡ ಉಳಿಸಿಕೊಳ್ಳುತ್ತದೆ, ಇಂಗ್ಲಿಷ್ ಬಿಟ್ಟುಕೊಡುತ್ತದೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ಬದಲಿಸಿದಾಗ ಹೊಸಪೇಟೆ ಮತ್ತು ಬಳ್ಳಾರಿಗಳ ಹೆಸರುಗಳೂ ಅಧಿಕೃತವಾಗಿ ಬದಲಾದವು.

ಶುದ್ಧತೆಯ ಪ್ರಶ್ನೆ ಮತ್ತು ಇಂದಿನ ಬಳಕೆ

ಶಾಲಾ ಶಿಕ್ಷಣ, ಪತ್ರಿಕೆ, ದೂರದರ್ಶನ ಮತ್ತು ಇಂಗ್ಲಿಷ್ ಮಾಧ್ಯಮದ ಪ್ರಭಾವದಿಂದ ಮೂಲಕ್ಕೆ ಹತ್ತಿರವಾದ ರೂಪಗಳ ಬಳಕೆ ಹೆಚ್ಚಾಗಿದೆ. ಫಲಕಗಳಲ್ಲಿ 'ಬಸ್ ನಿಲ್ದಾಣ', 'ಬ್ಯಾಂಕ್' ಎಂಬ ವ್ಯಂಜನಾಂತ ರೂಪಗಳು ಸಾಮಾನ್ಯವಾಗಿವೆ. ಫ಼ ಮತ್ತು ಜ಼ ಧ್ವನಿಗಳನ್ನು ತೋರಿಸಲು ಅಕ್ಷರದ ಕೆಳಗೆ ಚುಕ್ಕೆ ಹಾಕುವ ಪದ್ಧತಿಯೂ ಇದೆ. ಒಬ್ಬನೇ ಭಾಷಿಕನು ಸಂದರ್ಭಕ್ಕೆ ತಕ್ಕಂತೆ 'ಸ್ಟೇಷನ್' ಮತ್ತು 'ಟೇಸನ್ನು' ಎರಡನ್ನೂ ಬಳಸಬಹುದು.

ಇದರ ಸಾಮಾಜಿಕ ಪರಿಣಾಮವೂ ಇದೆ. ಇಸ್ಕೂಲು, ಆಪೀಸು, ಕರ್ಚು ಮುಂತಾದ ರೂಪಗಳನ್ನು ಬಳಸುವ ಗ್ರಾಮೀಣ ಭಾಷಿಕರು ಮತ್ತು ಅವರ ಮಕ್ಕಳು ತರಗತಿಯಲ್ಲಿಯೂ ಕಚೇರಿಯಲ್ಲಿಯೂ ಅಪಹಾಸ್ಯಕ್ಕೆ ಗುರಿಯಾಗುವುದುಂಟು. ಹಾಗೆ ನಗುವವರು ಬಳಸುವ ಜಾತ್ರೆ, ಸಂಜೆ, ಜಿಲ್ಲೆ, ಕಾರು ಎಂಬ ಶಿಷ್ಟ ಪದಗಳೂ ಒಂದು ಕಾಲದಲ್ಲಿ ಇದೇ ಬಗೆಯ ಬದಲಾವಣೆಯಿಂದ ರೂಪುಗೊಂಡವು. ಒಂದು ರೂಪ ಶಿಷ್ಟವೇ ಗ್ರಾಮ್ಯವೇ ಎಂಬುದನ್ನು ಭಾಷಿಕರ ಶಿಕ್ಷಣ, ಅಂತಸ್ತು ಮತ್ತು ಬರವಣಿಗೆಯ ರೂಢಿ ನಿರ್ಧರಿಸುತ್ತವೆ; ಧ್ವನಿನಿಯಮಗಳಲ್ಲಿ ಅಂತಹ ಭೇದವಿಲ್ಲ. ಮಗುವಿನ ಮನೆಮಾತಿನ ರೂಪವು ನಿಯಮಬದ್ಧವಾದದ್ದು ಎಂದು ಶಿಕ್ಷಕರು ಗುರುತಿಸಿದಾಗ, ಮನೆಯ ರೂಪವನ್ನು ಹಳಿಯದೆ ಬರವಣಿಗೆಯ ರೂಪವನ್ನು ಕಲಿಸಲು ಸಾಧ್ಯವಾಗುತ್ತದೆ.